ಅಲ್-ಬಾಬ್‌ನಲ್ಲಿ ಲೆಪರ್ಡ್ 2ಎ4: ಡ್ರೈವರ್‌ನ ಎಡಕ್ಕಿದ್ದ 27 ಗುಂಡುಗಳು

2017ರ ಜನವರಿಯಲ್ಲಿ ಉತ್ತರ ಸಿರಿಯಾದ ಅಲ್-ಬಾಬ್ ಪಟ್ಟಣದ ಅಂಚಿನಿಂದ ಐಸಿಸ್ ಹೊರಬಿಟ್ಟ ಚಿತ್ರಗಳಲ್ಲಿ ಟರ್ಕಿ ಸೇನೆಯ ಲೆಪರ್ಡ್ 2ಎ4 ಟ್ಯಾಂಕುಗಳ ಅವಶೇಷ ಕಾಣಿಸಿತು. ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ, ಅಂದರೆ ಟರೆಟ್, ಒಂದು ಕಡೆ, ಒಡಲು ಇನ್ನೊಂದು ಕಡೆ. ಜರ್ಮನಿಯ ಈ ಟ್ಯಾಂಕು ಅಲ್ಲಿಯವರೆಗೆ ಜಗತ್ತಿನ ಅತ್ಯುತ್ತಮ ಟ್ಯಾಂಕುಗಳ ಸಾಲಿನಲ್ಲಿ ಹೆಸರು ಮಾಡಿತ್ತು. ಹಾಗಾಗಿ ಚಿತ್ರಗಳು ಬಂದ ಮರುದಿನದಿಂದಲೇ ಎರಡು ವಾದ ಹುಟ್ಟಿಕೊಂಡವು. ಟ್ಯಾಂಕುಗಳ ಕಾಲ ಮುಗಿಯಿತು ಎಂದವರು ಒಂದು ಕಡೆ, ಟರ್ಕಿಯವರಿಗೆ ನಡೆಸಲು ಬರಲಿಲ್ಲ ಎಂದವರು ಇನ್ನೊಂದು ಕಡೆ. ಎರಡೂ ವಾದ ಟ್ಯಾಂಕಿನ ಒಳಗೆ ಇಣುಕಿ ನೋಡಲಿಲ್ಲ. ಕ್ಷಿಪಣಿ ಬಡಿದ ಮೇಲೆ ಅದು ರಿಪೇರಿಗೆ ಹೋಗುವ ಟ್ಯಾಂಕೋ ನಾಲ್ಕು ಜನರ ಚಿತೆಯೋ ಎಂಬುದನ್ನು ತೀರ್ಮಾನಿಸಿದ್ದು ಬಹುಪಾಲು ಒಂದೇ ಸಂಗತಿ: ಮದ್ದುಗುಂಡು ಎಲ್ಲಿ ಜೋಡಿಸಿತ್ತು, ಆ ಜಾಗ ಶತ್ರುವಿನ ಕಡೆಗೆ ಹೇಗೆ ತೆರೆದುಕೊಂಡಿತ್ತು.

ಚಿತ್ರಗಳ ಬಗ್ಗೆ ಮೊದಲೇ ಒಂದು ಮಾತು. ಸಿಬ್ಬಂದಿ ಬಿಟ್ಟುಹೋದ ಟ್ಯಾಂಕುಗಳು ಐಸಿಸ್ ಕೈಗೆ ಸಿಗಬಾರದೆಂದು ಟರ್ಕಿಯ ವಿಮಾನಗಳೇ ಅವುಗಳ ಮೇಲೆ ಬಾಂಬ್ ಹಾಕಿದವೆಂದು ಆಗಲೇ ವರದಿಯಾಗಿತ್ತು. ಹೋಳಾಗಿ ಬಿದ್ದ ಪ್ರತಿಯೊಂದು ಲೆಪರ್ಡನ್ನೂ ಕ್ಷಿಪಣಿಯ ಖಾತೆಗೆ ಬರೆದುಬಿಡುವುದು ಸರಿಯಲ್ಲ. ಪತ್ರಿಕೆಗಳಲ್ಲಿ ಬಂದ ಲೆಕ್ಕದ ಪ್ರಕಾರ ಸುಮಾರು ಹತ್ತು ಲೆಪರ್ಡ್‌ಗಳು ನಾಶವಾದವು ಇಲ್ಲವೇ ಜಖಂಗೊಂಡವು. ಅವುಗಳಲ್ಲಿ ಅರ್ಧದಷ್ಟು ಟ್ಯಾಂಕ್ ನಿರೋಧಕ ಕ್ಷಿಪಣಿಗಳಿಂದ, ಉಳಿದವು ನೆಲಬಾಂಬ್, ರಾಕೆಟ್ ಮುಂತಾದವುಗಳಿಂದ.

ಟ್ಯಾಂಕು

ಲೆಪರ್ಡ್ 2 ಮೊದಲು ಸೇನೆಗೆ ಸೇರಿದ್ದು 1979ರಲ್ಲಿ. 2ಎ4 ಮಾದರಿ 1985ರಿಂದ ತಯಾರಾಯಿತು. ಟರ್ಕಿ 2005ರ ಒಪ್ಪಂದದಿಂದ ಆರಂಭಿಸಿ ಜರ್ಮನ್ ಸೇನೆ ಬಳಸಿದ್ದ ಒಟ್ಟು 354 ಟ್ಯಾಂಕುಗಳನ್ನು ಕೊಂಡಿತು. ತೂಕ 55 ಟನ್ನು, ಎಂಜಿನ್ 1500 ಅಶ್ವಶಕ್ತಿ, ಸಿಬ್ಬಂದಿ ನಾಲ್ವರು. ಕಮಾಂಡರ್, ಗನ್ನರ್ ಮತ್ತು ಲೋಡರ್ ಟರೆಟ್‌ನಲ್ಲಿ. ಡ್ರೈವರ್ ಒಡಲಿನ ಮುಂಭಾಗದ ಬಲಬದಿಯಲ್ಲಿ.

ಮುಖ್ಯ ಆಯುಧ ರೈನ್‌ಮೆಟಲ್ ಕಂಪನಿಯ 120 ಮಿ.ಮೀ. ನುಣುಪು ಕೊಳವೆಯ ಫಿರಂಗಿ. ಕೊಳವೆಯ ಉದ್ದ ವ್ಯಾಸದ 44 ಪಟ್ಟು, ಅಂದರೆ 5.28 ಮೀಟರ್. ಫಿರಂಗಿಯನ್ನು 20 ಡಿಗ್ರಿ ಮೇಲಕ್ಕೆ, 9 ಡಿಗ್ರಿ ಕೆಳಕ್ಕೆ ವಾಲಿಸಬಹುದು. ಈ 9 ಡಿಗ್ರಿ ಸಣ್ಣ ಸಂಖ್ಯೆಯಂತೆ ಕಂಡರೂ ಗುಡ್ಡದ ಹಿಂದೆ ನಿಂತು ಟರೆಟ್ಟನ್ನಷ್ಟೇ ತೋರಿಸಿ ಗುಂಡು ಹಾರಿಸಲು ಅದೇ ಆಧಾರ. ಸೋವಿಯತ್ ಮೂಲದ ಟ್ಯಾಂಕುಗಳ ಫಿರಂಗಿ ಇಷ್ಟು ಕೆಳಕ್ಕೆ ಬಾಗುವುದಿಲ್ಲ. ಅಲ್-ಬಾಬ್‌ನಲ್ಲಿ ಈ ಅನುಕೂಲ ಕೈಯಲ್ಲಿತ್ತು, ಬಳಕೆಯಾದದ್ದು ಕಡಿಮೆ.

ಫಿರಂಗಿಯ ಪಕ್ಕದಲ್ಲೇ ಅದರ ಜೊತೆಗೇ ತಿರುಗುವ 7.62 ಮಿ.ಮೀ. ಎಂಜಿ3 ಮೆಷಿನ್ ಗನ್ ಒಂದು, ಲೋಡರ್‌ನ ಮುಚ್ಚಳದ ಬಳಿ ಇನ್ನೊಂದು. ಈ ಎರಡನೆಯದನ್ನು ಬಳಸಲು ಲೋಡರ್ ಮೈ ಹೊರಗೆ ಹಾಕಬೇಕು. ಒಳಗೆ ಕೂತೇ ನಡೆಸುವ, ಕ್ಯಾಮೆರಾ ಇರುವ ಗನ್ 2ಎ4ರಲ್ಲಿ ಇಲ್ಲ. ಟರೆಟ್‌ನ ಎರಡೂ ಪಕ್ಕದಲ್ಲಿ ಎಂಟೆಂಟರಂತೆ 16 ಹೊಗೆ ಗ್ರೆನೇಡ್ ಕೊಳವೆಗಳಿವೆ.

ಗನ್ನರ್‌ನ ಮುಂದಿರುವುದು ಇಎಂಇಎಸ್ 15 ಎಂಬ ಗುರಿದರ್ಶಕ. 12 ಪಟ್ಟು ವರ್ಧನೆ, ಲೇಸರ್ ದೂರಮಾಪಕ, ಥರ್ಮಲ್ ಕ್ಯಾಮೆರಾ ಮೂರೂ ಅದರಲ್ಲೇ. ಗನ್ನರ್ ಗುಂಡಿನ ಬಗೆ ಆರಿಸಿ ಲೇಸರ್ ಒತ್ತುತ್ತಾನೆ. ದೂರ, ಗುರಿಯ ಚಲನೆ, ಟ್ಯಾಂಕು ವಾಲಿ ನಿಂತಿರುವ ಕೋನ, ಮದ್ದಿನ ತಾಪಮಾನ ಎಲ್ಲ ಸೇರಿಸಿ ಕಂಪ್ಯೂಟರ್ ಫಿರಂಗಿಯನ್ನು ಹೊಂದಿಸುತ್ತದೆ. ಕಮಾಂಡರ್‌ಗೆ ಪೆರಿ ಆರ್17 ಎಂಬ ಪ್ರತ್ಯೇಕ ದರ್ಶಕ. ಟರೆಟ್ ಯಾವ ಕಡೆಗಿದ್ದರೂ ಅವನು ತನ್ನ ದರ್ಶಕವನ್ನು ಸುತ್ತಲೂ ತಿರುಗಿಸಿ ಗುರಿ ಹುಡುಕಿ ಗನ್ನರ್‌ಗೆ ಒಪ್ಪಿಸಬಹುದು. ಆದರೆ 2ಎ4ರ ಪೆರಿಗೆ ತನ್ನದೇ ಥರ್ಮಲ್ ಕ್ಯಾಮೆರಾ ಇಲ್ಲ. ಅದು ಬಂದದ್ದು ಮುಂದಿನ ಮಾದರಿಯಾದ 2ಎ5ರಲ್ಲಿ. ಕತ್ತಲಲ್ಲಿ, ಮಂಜಿನಲ್ಲಿ, ಡಿಸೆಂಬರ್‌ನ ಮಬ್ಬು ಬೆಳಕಿನಲ್ಲಿ ಇಡೀ ಟ್ಯಾಂಕಿಗೆ ಬಿಸಿ ಕಾಣುವ ಕಣ್ಣು ಒಂದೇ, ಅದು ಫಿರಂಗಿ ನೋಡುವ ದಿಕ್ಕಿಗೇ ನೆಟ್ಟಿರುತ್ತದೆ.

ಕವಚ ಯಾವ ಕಡೆಗೆ

2ಎ4ರ ಕವಚ ಮಧ್ಯ ಯುರೋಪಿನ ಯುದ್ಧಕ್ಕೆಂದು ಹಂಚಿದ್ದು. ಶತ್ರು ಎದುರಿನಿಂದ ಬರುತ್ತಾನೆ, ಎಡಬಲದಲ್ಲಿ ನಮ್ಮವರೇ ಇರುತ್ತಾರೆ ಎಂಬುದು ಅದರ ಹಿಂದಿನ ಊಹೆ. ಟರೆಟ್‌ನ ಮುಖ, ಒಡಲಿನ ಮುಖ ಎರಡಕ್ಕೂ ದಪ್ಪನಾದ ಮಿಶ್ರಕವಚ. ಪಕ್ಕದಲ್ಲಿ ಟ್ರ್ಯಾಕ್‌ನ ಮುಂಭಾಗದ ಮೇಲೆ ಮಾತ್ರ ದಪ್ಪ ಕವಚದ ಫಲಕಗಳು. ಅದರ ಹಿಂದಕ್ಕೆ ತೆಳು ಹೊದಿಕೆ, ಅದರೊಳಗೆ ಒಡಲಿನ ಸಾಧಾರಣ ಉಕ್ಕಿನ ಗೋಡೆ.

ಇದರಲ್ಲೊಂದು ಲೆಕ್ಕವಿದೆ. ಪಕ್ಕದ ಗೋಡೆಗೆ ನೇರ ಲಂಬವಾಗಿ ಬರುವ ಆಯುಧ ಗೋಡೆಯ ದಪ್ಪದಷ್ಟನ್ನೇ ಕೊರೆದರೆ ಸಾಕು. ಅದೇ ಆಯುಧ ಟ್ಯಾಂಕಿನ ಮೂಗಿನಿಂದ 30 ಡಿಗ್ರಿ ಓರೆಯಲ್ಲಿ ಬಂದರೆ ಅದೇ ಗೋಡೆಯೊಳಗೆ ಎರಡು ಪಟ್ಟು ದಾರಿ ಸವೆಸಬೇಕು. 20 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು. ಅದಕ್ಕೇ ವಿನ್ಯಾಸಕಾರರು ಮೂಗಿನ ಎಡಬಲ 30 ಡಿಗ್ರಿಯೊಳಗೆ ರಕ್ಷಣೆ ಕೊಟ್ಟು ಉಳಿದ ತೂಕವನ್ನು ಉಳಿಸುತ್ತಾರೆ. ಸುತ್ತಲೂ ಒಂದೇ ದಪ್ಪದ ಕವಚ ಹೊದಿಸಿದರೆ ಟ್ಯಾಂಕು ಸೇತುವೆ ದಾಟಲಾರದು. ಮೂಗು ಶತ್ರುವಿನ ಕಡೆಗಿರುವವರೆಗೆ ಈ ಒಪ್ಪಂದ ನಡೆಯುತ್ತದೆ.

ಅಲ್-ಬಾಬ್‌ನ ನೆಲ

ಟರ್ಕಿಯ 'ಯೂಫ್ರೆಟಿಸ್ ಶೀಲ್ಡ್' ಕಾರ್ಯಾಚರಣೆ 2016ರ ಆಗಸ್ಟ್ 24ರಂದು ಸಿರಿಯಾದ ಗಡಿಪಟ್ಟಣ ಜರಾಬ್ಲುಸ್‌ನಲ್ಲಿ ಶುರುವಾಯಿತು. ಮೊದಲ ತಿಂಗಳುಗಳಲ್ಲಿ ಮುಂದೆ ಹೋದವು ಅಮೆರಿಕ ಮೂಲದ ಹಳೆಯ ಎಂ60 ಟ್ಯಾಂಕುಗಳು. ಅವು ಕ್ಷಿಪಣಿಗೆ ತುತ್ತಾಗತೊಡಗಿದ ಮೇಲೆ ಡಿಸೆಂಬರ್‌ನಲ್ಲಿ ಲೆಪರ್ಡ್‌ಗಳು ಬಂದವು. ಗುರಿ, ಗಡಿಯಿಂದ ಸುಮಾರು 30 ಕಿ.ಮೀ. ದಕ್ಷಿಣಕ್ಕಿರುವ ಅಲ್-ಬಾಬ್. ಪಟ್ಟಣದ ಪಶ್ಚಿಮಕ್ಕೆ ಅಕಿಲ್ ಗುಡ್ಡ, ಅದರ ಬದಿಯಲ್ಲಿ ಆಸ್ಪತ್ರೆ ಕಟ್ಟಡ. ಆ ಗುಡ್ಡ ಹಿಡಿದವರಿಗೆ ಪಟ್ಟಣದ ಪಶ್ಚಿಮ ಭಾಗವೆಲ್ಲ ಕಾಣುತ್ತದೆ; ಪಟ್ಟಣದವರಿಗೂ ಗುಡ್ಡದ ಮೇಲಿರುವವರು ಅಷ್ಟೇ ಚೆನ್ನಾಗಿ ಕಾಣುತ್ತಾರೆ. ಡಿಸೆಂಬರ್ 21ರಂದು ಅಲ್ಲಿ ನಡೆದ ಕಾದಾಟದಲ್ಲಿ ಟರ್ಕಿ ಒಂದೇ ದಿನ 16 ಸೈನಿಕರನ್ನು ಕಳೆದುಕೊಂಡಿತು. ಆತ್ಮಾಹುತಿ ವಾಹನಗಳು, ಕ್ಷಿಪಣಿಗಳು ಎರಡೂ ಬಂದವು. ಪಟ್ಟಣ ಕೊನೆಗೆ ಕೈಗೆ ಬಂದದ್ದು 2017ರ ಫೆಬ್ರವರಿ 23ರಂದು.

ಐಸಿಸ್‌ನ ವಿಡಿಯೊಗಳಲ್ಲಿ ಪದೇ ಪದೇ ಕಾಣುವ ದೃಶ್ಯ ಒಂದೇ ಬಗೆಯದು. ಮಣ್ಣಿನ ದಿಬ್ಬದ ಹಿಂದೆ ಅಥವಾ ಬಯಲಲ್ಲೇ ಟ್ಯಾಂಕು ನಿಂತಿದೆ. ಬಹಳ ಹೊತ್ತಿನಿಂದ ಅಲ್ಲೇ ಇದೆ. ಕ್ಷಿಪಣಿ ಬರುವುದು ಪಕ್ಕದಿಂದ ಇಲ್ಲವೇ ಓರೆ ಹಿಂಬದಿಯಿಂದ. ಹತ್ತಿರದಲ್ಲಿ ಕಾಲಾಳುಗಳ ಸುಳಿವಿಲ್ಲ. ಟರ್ಕಿಯ ಜೊತೆ ಮುಂದೆ ಹೋಗಬೇಕಿದ್ದ ಕಾಲಾಳುಗಳಲ್ಲಿ ಹೆಚ್ಚಿನವರು ಸಿರಿಯಾದ ಬಂಡುಕೋರ ಗುಂಪುಗಳವರು. ಟ್ಯಾಂಕಿನ ಜೊತೆ ಹೆಜ್ಜೆ ಹಾಕುವ ತರಬೇತಿ ಅವರಿಗೆ ಇರಲಿಲ್ಲ. ಟ್ಯಾಂಕನ್ನು ಚಲಿಸುವ ಆಯುಧವಾಗಿ ಬಳಸದೆ ಕಾಲಾಳುಗಳ ಹಿಂದೆ ಊರಿದ ಕಾವಲು ಫಿರಂಗಿಯಾಗಿ ಬಳಸಲಾಯಿತು. 55 ಟನ್ನಿನ, 1500 ಅಶ್ವಶಕ್ತಿಯ ಯಂತ್ರಕ್ಕೆ ಇದಕ್ಕಿಂತ ಕೆಟ್ಟ ಕೆಲಸ ಕೊಡುವುದು ಕಷ್ಟ.

ಹತ್ತು ಸೆಕೆಂಡು

ಐಸಿಸ್ ಬಳಿ ಇದ್ದವು ಸಿರಿಯಾ ಸೇನೆಯ ಉಗ್ರಾಣಗಳಿಂದ ದೋಚಿದ ಫಾಗೊಟ್, ಕೊಂಕುರ್ಸ್‌ನಂತಹ ಸೋವಿಯತ್ ಕಾಲದ ಕ್ಷಿಪಣಿಗಳು. ರಷ್ಯಾದ ಹೊಸ ಕ್ಷಿಪಣಿ ಕೊರ್ನೆಟ್ ಕೂಡ ಇತ್ತೆಂಬ ವರದಿಗಳಿವೆ. ಕೊಂಕುರ್ಸ್ ನಮ್ಮವರಿಗೂ ಹೊಸದಲ್ಲ. ಭಾರತೀಯ ಸೇನೆಯಲ್ಲಿ ಕಾಲಾಳುಗಳನ್ನು ಒಯ್ಯುವ ಬಿಎಂಪಿ-2 ಕವಚ ವಾಹನಗಳ ನೆತ್ತಿಯ ಮೇಲೆ ಇರುವುದು ಅದೇ, ತಯಾರಿಸುವುದು ಭಾರತ್ ಡೈನಾಮಿಕ್ಸ್. 135 ಮಿ.ಮೀ. ವ್ಯಾಸ, 4 ಕಿ.ಮೀ. ವ್ಯಾಪ್ತಿ, ಸೆಕೆಂಡಿಗೆ ಸುಮಾರು 200 ಮೀಟರ್ ವೇಗ. ಮೂಲ ಮಾದರಿ ಸುಮಾರು 600 ಮಿ.ಮೀ. ಉಕ್ಕು ಕೊರೆಯುತ್ತದೆ. ಕ್ಷಿಪಣಿಯ ಬಾಲದಿಂದ ಬಿಚ್ಚಿಕೊಳ್ಳುವ ತಂತಿಯ ಮೂಲಕ ಆಜ್ಞೆ ಹೋಗುತ್ತದೆ. ಹಾರಿಸಿದವನು ಕ್ಷಿಪಣಿ ತಲುಪುವವರೆಗೂ ದರ್ಶಕದ ಗುರುತನ್ನು ಟ್ಯಾಂಕಿನ ಮೇಲೆ ಅಲುಗದಂತೆ ಹಿಡಿದಿರಬೇಕು.

2 ಕಿ.ಮೀ. ದೂರದಿಂದ ಹಾರಿಸಿದರೆ ತಲುಪಲು ಹತ್ತು ಸೆಕೆಂಡು. ಈ ಹತ್ತು ಸೆಕೆಂಡಿನಲ್ಲಿ 2ಎ4ರ ಸಿಬ್ಬಂದಿ ಏನು ಮಾಡಬಹುದು ಎಂಬುದೇ ಪ್ರಕರಣದ ತಿರುಳಿನ ಅರ್ಧ.

ಮೊದಲನೆಯದು, ಹಾರಿಸಿದವನ ಮೇಲೆ ತಿರುಗಿ ಹೊಡೆಯುವುದು. ಟರೆಟ್ ಒಂದು ಸುತ್ತು ತಿರುಗಲು ಸುಮಾರು ಹತ್ತು ಸೆಕೆಂಡು ಬೇಕು, ಹಾಗಾಗಿ 90 ಡಿಗ್ರಿಗೆ ಎರಡೂವರೆ ಮೂರು ಸೆಕೆಂಡು. ಗುರಿ ಹಿಡಿದು ಲೇಸರ್ ಒತ್ತಲು ಇನ್ನೆರಡು. ಡಿಎಂ12 ಎಂಬ ಬಹೂಪಯೋಗಿ ಗುಂಡು ಸೆಕೆಂಡಿಗೆ 1,140 ಮೀಟರ್ ವೇಗದಲ್ಲಿ ಹೊರಟು 2 ಕಿ.ಮೀ. ತಲುಪಲು ಎರಡು ಸೆಕೆಂಡಿಗೆ ತುಸು ಹೆಚ್ಚು. ಒಟ್ಟು ಏಳೆಂಟು ಸೆಕೆಂಡು. ಗುಂಡು ನೇರ ತಗಲದಿದ್ದರೂ ನಡೆದೀತು. ಪಕ್ಕದಲ್ಲಿ ಸಿಡಿದರೆ ಹಾರಿಸಿದವನ ಕೈ ನಡುಗುತ್ತದೆ, ಗುರುತು ಸರಿಯುತ್ತದೆ, ಕ್ಷಿಪಣಿ ನೆಲಕ್ಕೆ ಬೀಳುತ್ತದೆ. ಲೆಕ್ಕದಲ್ಲಿ ಇದು ಸಾಧ್ಯ. ಷರತ್ತು ಎರಡು: ಸರಿಯಾದ ಬಗೆಯ ಗುಂಡು ಮೊದಲೇ ಕೊಳವೆಯಲ್ಲಿರಬೇಕು, ಮತ್ತು ಹಾರಿದ ಕ್ಷಣದ ಹೊಗೆ-ದೂಳನ್ನು ಯಾರಾದರೂ ಆಗಲೇ ಕಂಡಿರಬೇಕು. ಪಕ್ಕದಿಂದ ಬಂದದ್ದನ್ನು ಕಾಣಲು ಕಮಾಂಡರ್‌ನ ಪೆರಿ ಅದೇ ಕಡೆ ನೋಡುತ್ತಿರಬೇಕು, ಇಲ್ಲವೇ ಪಕ್ಕದ ಟ್ಯಾಂಕಿನವನು ರೇಡಿಯೊದಲ್ಲಿ ಕೂಗಬೇಕು. ಒಂದೊಂದೇ ಟ್ಯಾಂಕು ಒಂದೊಂದು ದಿಬ್ಬದಲ್ಲಿ ನಿಂತಾಗ ಕೂಗುವವರು ಯಾರು?

ಎರಡನೆಯದು ಹೊಗೆ. ಗ್ರೆನೇಡ್ ಸಿಡಿದು ಪರದೆ ಕಟ್ಟಲು ಎರಡು ಮೂರು ಸೆಕೆಂಡು ಸಾಕು. ಕೊಂಕುರ್ಸ್ ಹಾರಿಸುವವನಿಗೆ ಟ್ಯಾಂಕು ಕಾಣದಿದ್ದರೆ ಆಟ ಮುಗಿಯಿತು. ತೊಡಕಿರುವುದು ಕೊಳವೆಗಳ ದಿಕ್ಕಿನಲ್ಲಿ. ಅವು ಟರೆಟ್‌ನ ಮುಖದ ಕಡೆಗೆ ಬೀಸಣಿಗೆಯಂತೆ ಹರಡಿ ಎಸೆಯುತ್ತವೆ; ಟರೆಟ್ ಉತ್ತರಕ್ಕೆ ನೋಡುತ್ತಿದ್ದು ಕ್ಷಿಪಣಿ ನೈಋತ್ಯದಿಂದ ಬಂದರೆ ಹೊಗೆ ತಪ್ಪು ಕಡೆ ಏಳುತ್ತದೆ. ಮೊದಲು ಟರೆಟ್ ತಿರುಗಿಸಿ ಆಮೇಲೆ ಹೊಗೆ ಬಿಟ್ಟು ಅದರ ಜೊತೆಗೇ ಹಿಂದಕ್ಕೆ ಸರಿಯಬೇಕು. ಹೊಗೆ ಬಿಟ್ಟು ಅಲ್ಲೇ ನಿಂತರೆ ಕ್ಷಿಪಣಿ ಹಿಡಿದ ದಾರಿಯಲ್ಲೇ ಮುಂದುವರಿದು ಬಡಿಯುವ ಸಾಧ್ಯತೆ ಉಳಿದೇ ಇರುತ್ತದೆ.

ಮೂರನೆಯದು ಸರಿದುಕೊಳ್ಳುವುದು. ಎಂಜಿನ್ ಚಾಲೂ ಇದ್ದರೆ ಲೆಪರ್ಡ್ ಹತ್ತು ಸೆಕೆಂಡಿನಲ್ಲಿ ತನ್ನ ಉದ್ದದ ಹಲವು ಪಟ್ಟು ಹಿಂದೆ ಹೋಗಬಲ್ಲದು. ಗಂಟೆಗಟ್ಟಲೆ ಕಾವಲು ನಿಂತವರು ಇಂಧನ ಉಳಿಸಲು ಎಂಜಿನ್ ಆರಿಸುತ್ತಾರೆ. 2ಎ4ರಲ್ಲಿ ದರ್ಶಕ, ರೇಡಿಯೊ ನಡೆಸಲು ಪ್ರತ್ಯೇಕ ಸಣ್ಣ ಜನರೇಟರ್ ಇಲ್ಲದ್ದರಿಂದ ಬ್ಯಾಟರಿ ಬಸಿಯುತ್ತದೆ. ಮತ್ತೆ ಎಂಜಿನ್ ಹಚ್ಚುವಾಗಿನ ಹೊಗೆ, ಸದ್ದು ಎರಡೂ ಜಾಗವನ್ನು ಸಾರುತ್ತವೆ.

ಶತ್ರುವಿನ ಲೇಸರ್ ಕಿರಣ ಮೈಮೇಲೆ ಬಿದ್ದೊಡನೆ ಸಿಬ್ಬಂದಿಯನ್ನು ಎಚ್ಚರಿಸುವ 'ಲೇಸರ್ ಎಚ್ಚರಿಕೆ ಸಾಧನ ಇದ್ದಿದ್ದರೆ' ಎಂದು ಬಹಳ ಜನ ಹೇಳುತ್ತಾರೆ. ಫಾಗೊಟ್ ಮತ್ತು ಕೊಂಕುರ್ಸ್ ಲೇಸರ್ ಬಳಸುವುದೇ ಇಲ್ಲ, ಆ ಸಾಧನ ಅಲ್ಲಿ ಮೌನವಾಗಿರುತ್ತಿತ್ತು. ಕೊರ್ನೆಟ್ ಲೇಸರ್ ಕಿರಣದ ಮೇಲೆ ಸವಾರಿ ಮಾಡುತ್ತದೆ, ಆದರೆ ಕಿರಣ ಬಹಳ ಕ್ಷೀಣ. ಅದನ್ನು ಹಿಡಿಯಲು ಸೂಕ್ಷ್ಮ ಸಂವೇದಕ ಬೇಕು. ತಂತಿಯ ಕ್ಷಿಪಣಿಯನ್ನು ಹಿಡಿಯಬಲ್ಲವು ರೇಡಾರ್ ಅಥವಾ ಅದರ ಎಂಜಿನ್ನಿನ ಜ್ವಾಲೆಯನ್ನು ಗುರುತಿಸುವ ಸಂವೇದಕಗಳು. 2ಎ4ರಲ್ಲಿ ಇವೊಂದೂ ಇರಲಿಲ್ಲ.

42ರಲ್ಲಿ 27

ಕ್ಷಿಪಣಿ ಬಡಿಯಿತು ಎನ್ನೋಣ. ಸಿಡಿತಲೆಯ ತಾಮ್ರದ ಶಂಕು ಕುಸಿದು ಸೆಕೆಂಡಿಗೆ 8ರಿಂದ 10 ಕಿ.ಮೀ. ವೇಗದ ಲೋಹದ ಧಾರೆಯಾಗುತ್ತದೆ. ಪಕ್ಕದ ಗೋಡೆ ಅದಕ್ಕೆ ಅಡ್ಡಿಯೇ ಅಲ್ಲ. ಆದರೆ ಧಾರೆ ಕೊರೆಯುವ ತೂತು ಬೆರಳಿನಷ್ಟು ಸಣ್ಣದು. ದಾರಿಯಲ್ಲಿ ಸಿಕ್ಕವರನ್ನು, ಸಿಕ್ಕ ಯಂತ್ರವನ್ನು ಹಾಳುಮಾಡಿ ಆಚೆ ಹೋಗಬಹುದು. ಎಷ್ಟೋ ಟ್ಯಾಂಕುಗಳು ಹೀಗೆ ತೂತುಬಿದ್ದು ಸಿಬ್ಬಂದಿಯ ಬಹುಪಾಲು ಬದುಕುಳಿದು ವರ್ಕ್‌ಷಾಪ್‌ಗೆ ಮರಳಿವೆ. ಟರೆಟ್ ಹಾರಿಸುವುದು ಧಾರೆಯಲ್ಲ, ಧಾರೆಗೆ ಸಿಕ್ಕ ಮದ್ದು.

2ಎ4 ಒಯ್ಯುವುದು 42 ಗುಂಡು. ಅವುಗಳಲ್ಲಿ 15 ಟರೆಟ್‌ನ ಹಿಂಭಾಗದ ಎಡಬದಿಯ ಅರೆಯಲ್ಲಿ, ಅಂದರೆ ಪ್ರತ್ಯೇಕ ಖಾನೆಯಲ್ಲಿ. ಅರೆಗೂ ಸಿಬ್ಬಂದಿಗೂ ನಡುವೆ ವಿದ್ಯುತ್ತಿನಿಂದ ಸರಿಯುವ ಕವಚದ ಬಾಗಿಲು. ಅರೆಯ ಚಾವಣಿಯಲ್ಲಿ ಒತ್ತಡಕ್ಕೆ ಮೊದಲು ಕಿತ್ತುಹೋಗುವಂತೆ ಕೂರಿಸಿದ ಫಲಕ. ಈ 15 ಗುಂಡುಗಳಿಗೆ ಬೆಂಕಿ ಹತ್ತಿದರೆ ಫಲಕ ಹಾರುತ್ತದೆ, ಜ್ವಾಲೆ ಆಕಾಶಕ್ಕೆ ಹೋಗುತ್ತದೆ, ಬಾಗಿಲು ಮುಚ್ಚಿದ್ದರೆ ಒಳಗಿನವರು ಬದುಕುತ್ತಾರೆ. ಲೋಡರ್ ಗುಂಡು ತೆಗೆಯುವ ಕೆಲ ಸೆಕೆಂಡು ಬಾಗಿಲು ತೆರೆದಿರುತ್ತದೆ. ಆಮೇಲೂ 'ಬೇಗ ಸಿಗಲಿ' ಎಂದು ತೆರೆದೇ ಇಡುವುದು ಟ್ಯಾಂಕು ಸಿಬ್ಬಂದಿಯ ಹಳೆಯ ಕೆಟ್ಟ ಚಾಳಿ, ಯಾವ ದೇಶದ ಸೇನೆಯೂ ಇದಕ್ಕೆ ಹೊರತಲ್ಲ.

ಉಳಿದ 27 ಒಡಲಿನ ಮುಂಭಾಗದಲ್ಲಿ, ಡ್ರೈವರ್‌ನ ಎಡಕ್ಕೆ. ಇವಕ್ಕೆ ಪ್ರತ್ಯೇಕ ಕೋಣೆಯಿಲ್ಲ, ಬಾಗಿಲಿಲ್ಲ, ಹಾರಿಹೋಗುವ ಫಲಕವಿಲ್ಲ. ಇವುಗಳ ರಕ್ಷಣೆ ಪೂರ್ತಿ ಒಡಲಿನ ಮುಖದ ಕವಚದ ಮೇಲೆ ನಿಂತಿದೆ. ಎದುರಿನಿಂದ ಬರುವ ಶತ್ರುವಿಗೆ ಈ ಜಾಗ ಟ್ಯಾಂಕಿನ ಅತಿ ಭದ್ರ ಮೂಲೆಗಳಲ್ಲಿ ಒಂದು, ಎಡಬದಿಯಿಂದ ಬರುವವನಿಗೆ ಅತಿ ದುರ್ಬಲ.

ಗುಂಡಿನ ರಚನೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 120 ಮಿ.ಮೀ. ಗುಂಡಿನ ಹೊರಕವಚ ಹಿತ್ತಾಳೆಯದಲ್ಲ. ತಳದ ಲೋಹದ ಬಟ್ಟಲೊಂದನ್ನು ಬಿಟ್ಟು ಉಳಿದದ್ದು ಮದ್ದಿನ ಜೊತೆಗೇ ಸುಟ್ಟುಹೋಗುವ ನೈಟ್ರೊಸೆಲ್ಯುಲೋಸ್ ಡಬ್ಬಿ. ಹಾರಿಸಿದ ಮೇಲೆ ಲೋಡರ್‌ನ ಕಾಲ ಬಳಿ ಉದ್ದದ ಖಾಲಿ ಕೊಳವೆಗಳು ರಾಶಿ ಬೀಳುವುದಿಲ್ಲ, ತೂಕ ಉಳಿಯುತ್ತದೆ, ಅನುಕೂಲವೇ. ಆದರೆ ಕಿಡಿಗೂ ಮದ್ದಿಗೂ ನಡುವೆ ಲೋಹದ ತಡೆ ಇಲ್ಲ. ಒಂದೊಂದು ಗುಂಡಿನಲ್ಲಿ ಸುಮಾರು ಏಳೆಂಟು ಕಿಲೋ ಮದ್ದು. 27 ಗುಂಡು ಅಂದರೆ ಸುಮಾರು 200 ಕಿಲೋ. ಒಂದಕ್ಕೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ಹಬ್ಬುತ್ತದೆ. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಮದ್ದು ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಒಡಲಿನ ಚಾವಣಿಯಲ್ಲಿ ಅತಿ ಸಡಿಲ ಭಾಗ ಯಾವುದು? ತಿರುಗಲೆಂದು ಉಂಗುರದ ಮೇಲೆ ಕೂರಿಸಿದ ಟರೆಟ್. ಸಿಡಿತಲೆಗಳೂ ಸ್ಫೋಟಿಸಿದರೆ ಒಡಲಿನ ಮುಂಭಾಗವೇ ಬಿರಿಯುತ್ತದೆ. ಅಲ್-ಬಾಬ್‌ನ ಕೆಲವು ಚಿತ್ರಗಳಲ್ಲಿ ಒಡಲಿನ ಮೂಗೇ ಇಲ್ಲದಿರುವುದನ್ನು ನೋಡಿದಾಗ ಬೆಂಕಿ ಎಲ್ಲಿಂದ ಎದ್ದಿತು ಎಂಬುದು ಊಹೆಗೆ ಬಿಟ್ಟ ಮಾತಾಗಿ ಉಳಿಯುವುದಿಲ್ಲ.

ಬೆಂಕಿ ನಂದಿಸುವ ಸಾಧನ ಏನು ಮಾಡುತ್ತಿತ್ತು ಎಂದು ಕೇಳುವುದು ಸಹಜ. 2ಎ4ರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಇದೆ: ಬೆಳಕಿನ ಸಂವೇದಕ ಕೆಲವೇ ಮಿಲಿಸೆಕೆಂಡಿನಲ್ಲಿ ಜ್ವಾಲೆ ಗುರುತಿಸಿ ಹ್ಯಾಲಾನ್ ಅನಿಲ ಬಿಡುತ್ತದೆ. ಚೆಲ್ಲಿದ ಡೀಸೆಲ್ ಆವಿಗೆ, ಟರೆಟ್ ತಿರುಗಿಸುವ ಹೈಡ್ರಾಲಿಕ್ ಎಣ್ಣೆಗೆ ಬೆಂಕಿ ಬಿದ್ದರೆ ಅದು ನಿಜವಾಗಿ ಜೀವ ಉಳಿಸುತ್ತದೆ. ಮದ್ದಿನ ಎದುರು ಅದು ಕೈಚೆಲ್ಲುತ್ತದೆ, ಏಕೆಂದರೆ ಮದ್ದಿಗೆ ಉರಿಯಲು ಬೇಕಾದ ಆಮ್ಲಜನಕ ಮದ್ದಿನೊಳಗೇ ಇದೆ. ಹೈಡ್ರಾಲಿಕ್ ಎಣ್ಣೆಯ ಅಪಾಯವನ್ನು ಜರ್ಮನರು 2ಎ5ರಲ್ಲಿ ವಿದ್ಯುತ್ ಮೋಟರ್ ಹಾಕಿ ತೆಗೆದರು. ಒಡಲಿನ ಗುಂಡುಗಳನ್ನು ಅಲ್ಲೇ ಬಿಟ್ಟರು.

ಬೇರೆಯವರು ಏನು ಮಾಡಿದ್ದಾರೆ ನೋಡಬಹುದು. ಅಮೆರಿಕದ ಎಂ1ಎ1 ತನ್ನ 40 ಗುಂಡುಗಳಲ್ಲಿ 34ನ್ನು ಟರೆಟ್‌ನ ಹಿಂದಿನ ಪ್ರತ್ಯೇಕ ಅರೆಯಲ್ಲಿ ಇಡುತ್ತದೆ, ಒಡಲಿನಲ್ಲಿ ಆರು ಮಾತ್ರ. ನಮ್ಮ ಟಿ-90 ಇನ್ನೊಂದು ತುದಿ: 22 ಗುಂಡು ಟರೆಟ್‌ನ ಅಡಿಯ ತಿರುಗುತಟ್ಟೆಯಲ್ಲಿ, ಸಿಬ್ಬಂದಿಯ ಕಾಲ ಕೆಳಗೆ, ಉಳಿದವು ಸುತ್ತಮುತ್ತ. ತಿರುಗುತಟ್ಟೆ ತಗ್ಗಿನಲ್ಲಿರುವುದರಿಂದ ಪೆಟ್ಟು ಬೀಳುವ ಸಾಧ್ಯತೆ ಕಡಿಮೆ. ಬಿದ್ದರೆ ಮಾತ್ರ ಯಾರಿಗೂ ಅವಕಾಶವಿಲ್ಲ. ಭಾರತದ್ದೇ ಟ್ಯಾಂಕಾದ ಅರ್ಜುನ್ ಎಂಕೆ-1ಎ ವಿನ್ಯಾಸದಲ್ಲಿ ಚೆನ್ನೈ ಬಳಿಯ ಆವಡಿಯ ಎಂಜಿನಿಯರುಗಳು ಗುಂಡುಗಳನ್ನು ತಲಾ ಒಂದು ಮುಚ್ಚಳವಿರುವ ಗೂಡುಗಳಲ್ಲಿ ಇಡುವ ದಾರಿ ಹಿಡಿದಿದ್ದಾರೆ. ತೂಕ ಹೆಚ್ಚು ಎಂದು ಅರ್ಜುನನ್ನು ದೂರುವವರು ಆ ತೂಕದ ಒಂದು ಪಾಲು ಎಲ್ಲಿಗೆ ಹೋಗಿದೆ ಎಂಬುದನ್ನೂ ನೋಡಬೇಕು.

ಫಿರಂಗಿಗೆ ತಕ್ಕ ಗುರಿ ಇರಲಿಲ್ಲ

ರಕ್ಷಣೆಯ ಮಾತಿನಲ್ಲಿ ಆಯುಧ ಮರೆತುಹೋಗಬಾರದು. ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆ. 2ಎ4ರ ಮುಖ್ಯ ಗುಂಡು ಟ್ಯಾಂಕಿಗೆ ಟ್ಯಾಂಕು ಎದುರಾದಾಗ ಬಳಸುವ ರೆಕ್ಕೆಯುಳ್ಳ ಬಾಣದಂಥ ಗುಂಡು. ಡಿಎಂ33 ಸೆಕೆಂಡಿಗೆ ಸುಮಾರು 1,650 ಮೀಟರ್ ವೇಗದಲ್ಲಿ ಹೊರಡುತ್ತದೆ, ಸ್ಫೋಟಕ ಒಂದು ಗ್ರಾಂ ಕೂಡ ಇಲ್ಲ. ಕಿಟಕಿಯ ಹಿಂದೆ ಕೂತ ಕ್ಷಿಪಣಿ ತಂಡದ ಮೇಲೆ ಇದನ್ನು ಹಾರಿಸಿದರೆ ಗೋಡೆಯಲ್ಲಿ ತೂತು ಬಿದ್ದೀತು, ಅಷ್ಟೇ. ಆ ಕೆಲಸಕ್ಕೆ ಡಿಎಂ12. ಅದೂ ಮೂಲತಃ ಕವಚ ಕೊರೆಯುವ ಸಿಡಿತಲೆ, ಚೂರು ಹರಡುವುದು ಎರಡನೆಯ ಗುಣ. ಗುರಿಯ ಮೇಲೆ ಗಾಳಿಯಲ್ಲೇ ಸಿಡಿಯುವಂತೆ ಹೊತ್ತು ಹೊಂದಿಸಬಲ್ಲ ಡಿಎಂ11 ಈ ಬಗೆಯ ಯುದ್ಧಕ್ಕೆ ಹೇಳಿಮಾಡಿಸಿದ್ದು, ಆದರೆ ಅದಕ್ಕೆ ಫಿರಂಗಿಯಲ್ಲೂ ಕಂಪ್ಯೂಟರಿನಲ್ಲೂ ಹೊಂದಿಸುವ ಸಾಧನ ಬೇಕು.

ಆತ್ಮಾಹುತಿ ವಾಹನದ ಎದುರು ಫಿರಂಗಿ ಸಮರ್ಥ. ಗಂಟೆಗೆ 60 ಕಿ.ಮೀ. ವೇಗದಲ್ಲಿ 500 ಮೀಟರ್ ದೂರದಲ್ಲಿ ತಿರುವಿನಿಂದ ಹೊರಬಂದ ಲಾರಿ ತಲುಪಲು 30 ಸೆಕೆಂಡು ಬೇಕು. ಒಳ್ಳೆಯ ಲೋಡರ್ ಆರೇಳು ಸೆಕೆಂಡಿಗೊಂದು ಗುಂಡು ತುಂಬುತ್ತಾನೆ, ಮೂರು ನಾಲ್ಕು ಅವಕಾಶ. ಕಟ್ಟಡಗಳ ನಡುವಿಂದ 150 ಮೀಟರ್‌ನಲ್ಲಿ ಬಂದರೆ ಒಂಬತ್ತು ಸೆಕೆಂಡು, ಒಂದೇ ಗುಂಡು. ಆ ಒಂದು ಗುಂಡು ಕೊಳವೆಯಲ್ಲಿ ಆಗಲೇ ಇರುವ ಬಾಣದ ಗುಂಡಾದರೆ ಎಂಜಿನ್ನನ್ನು ತೂರಿ ಆಚೆ ಹೋಗಬಹುದು, ಲಾರಿ ಬರುತ್ತಲೇ ಇರಬಹುದು. ಹಾಗಾಗಿ ಇಂಥ ಜಾಗದಲ್ಲಿ ಕೊಳವೆಯಲ್ಲಿ ಕಾದಿರಬೇಕಾದದ್ದು ಡಿಎಂ12.

ಟರೆಟ್‌ನ ಅರೆಯ 15 ಮುಗಿದರೆ ಒಡಲಿನಿಂದ ತೆಗೆದು ತುಂಬಬೇಕು. ಅದಕ್ಕೆ ಟರೆಟ್ಟನ್ನು ಒಂದು ನಿರ್ದಿಷ್ಟ ಕೋನಕ್ಕೆ ತಿರುಗಿಸಬೇಕು, ಹತ್ತಿರ ಒಂದು ಮೀಟರ್ ಉದ್ದದ, ಸುಮಾರು 20 ಕಿಲೋ ತೂಕದ ಗುಂಡುಗಳನ್ನು ಒಂದೊಂದಾಗಿ ಎತ್ತಿ ದಾಟಿಸಬೇಕು. ಅಷ್ಟು ಹೊತ್ತೂ ಫಿರಂಗಿಯನ್ನು ಗುರಿಯ ಕಡೆ ತಿರುಗಿಸಲಾಗದು. ಗುಂಡು ಹಾರುವ ನಡುವೆ ಮಾಡುವ ಕೆಲಸ ಇದಲ್ಲ. ಯಾವ ಸಿಬ್ಬಂದಿಯೂ ಮರೆಗೆ ಸರಿದೇ ಮಾಡುತ್ತದೆ. ಅಂದಮೇಲೆ ಒಡಲಿನ 27 ಗುಂಡು ಕಾದಾಟದಲ್ಲಿ ಕೈಗೆ ಸಿಗುವ ಸರಕಲ್ಲ, ಸಿಬ್ಬಂದಿ ಜೊತೆಗೇ ಹೊತ್ತು ತಿರುಗುವ ಉಗ್ರಾಣ.

ಆಮೇಲೆ ಬಂದ ಬದಲಾವಣೆ

ಟರ್ಕಿ ಮೊದಲು ಕೈಹಾಕಿದ್ದು ಎಂ60ರ ಸುಧಾರಿತ ಮಾದರಿಯಾದ ಎಂ60ಟಿಗಳಿಗೆ. ಟರ್ಕಿಯ ಅಸೆಲ್ಸನ್ ಸಂಸ್ಥೆಯ 'ಫಿರಾತ್' ಯೋಜನೆಯಲ್ಲಿ ಅವುಗಳಿಗೆ ಎಚ್ಚರಿಕೆ ಸಾಧನ, ಒಳಗಿಂದ ನಡೆಸುವ ಮೆಷಿನ್ ಗನ್, ಸುತ್ತಲೂ ನೋಡುವ ಕ್ಯಾಮೆರಾ, ಕೊನೆಗೆ ಬರುತ್ತಿರುವ ಕ್ಷಿಪಣಿಯನ್ನು ಹತ್ತಿರದಲ್ಲೇ ಸಿಡಿಸುವ 'ಪುಲಾತ್' ವ್ಯವಸ್ಥೆ ಬಂದವು. ಲೆಪರ್ಡ್‌ಗಳನ್ನು ಸುಧಾರಿಸಲು ಜರ್ಮನಿಯ ನೆರವು ಕೇಳಿತ್ತು. 2018ರ ಜನವರಿಯಲ್ಲಿ ಅವೇ ಲೆಪರ್ಡ್‌ಗಳು ವಾಯವ್ಯ ಸಿರಿಯಾದ ಕುರ್ದರ ಹಿಡಿತದಲ್ಲಿದ್ದ ಆಫ್ರಿನ್ ಕಡೆ ನುಗ್ಗಿದ್ದು ಸುದ್ದಿಯಾದ ಕೂಡಲೇ ಜರ್ಮನಿ ಅನುಮತಿಯ ತೀರ್ಮಾನವನ್ನು ತಡೆಹಿಡಿಯಿತು. ಟರ್ಕಿ ತಾನೇ ತನ್ನ ದೇಶದ ರಾಕೆಟ್‌ಸನ್ ಕಂಪನಿಯ ಕವಚ ಹೊದಿಸಿ ಟಿ1 ಮಾದರಿ ಮಾಡಿಕೊಂಡಿತು: ಪಕ್ಕಕ್ಕೆ ಸ್ಫೋಟಕ ಕವಚದ ಇಟ್ಟಿಗೆಗಳು, ಹಿಂಬದಿಗೆ ಉಕ್ಕಿನ ಪಟ್ಟಿಗಳ ಪಂಜರ.

ಇವುಗಳಲ್ಲಿ ಯಾವುದಕ್ಕೆ ಯಾವ ಮಿತಿ ಎಂಬುದು ತಿಳಿದಿರಬೇಕು. ಪಂಜರ ಹೆಗಲ ಮೇಲಿಂದ ಹಾರಿಸುವ ಆರ್‌ಪಿಜಿ-7 ರಾಕೆಟ್ಟಿನ ಮೂತಿಯನ್ನು ಜಜ್ಜಿ ಅದರ ಫ್ಯೂಸ್ ಕೆಡಿಸಲು ಮಾಡಿದ್ದು, ಕೊಂಕುರ್ಸ್‌ನಂಥ ಕ್ಷಿಪಣಿಗೆ ಅದನ್ನು ನಂಬಲಾಗದು. ಸ್ಫೋಟಕ ಇಟ್ಟಿಗೆ ಒಂಟಿ ಸಿಡಿತಲೆಯ ಧಾರೆಯನ್ನು ಚೆನ್ನಾಗಿ ಮುರಿಯುತ್ತದೆ. ಜೋಡಿ ಸಿಡಿತಲೆಯ ಕೊಂಕುರ್ಸ್-ಎಂ, ಕೊರ್ನೆಟ್ ಬಂದರೆ ಮೊದಲ ಸಣ್ಣ ಸಿಡಿತಲೆ ಇಟ್ಟಿಗೆಯನ್ನು ಖರ್ಚುಮಾಡಿಸಿ ಎರಡನೆಯದಕ್ಕೆ ದಾರಿ ಬಿಡಿಸುತ್ತದೆ. ತೆಳು ಗೋಡೆಯ ಮೇಲೆ ಇಟ್ಟಿಗೆ ಕೂರಿಸಿದರೆ ಅದರ ಸ್ಫೋಟವೇ ಗೋಡೆಯನ್ನು ಒಳಕ್ಕೆ ತಗ್ಗಿಸುತ್ತದೆ, ಹಾಗಾಗಿ ನಡುವೆ ತೆರಪು ಬಿಡಬೇಕು. ಕ್ಷಿಪಣಿಯನ್ನು ಗಾಳಿಯಲ್ಲೇ ಹೊಡೆಯುವ ವ್ಯವಸ್ಥೆಗಳಲ್ಲಿ ಯುದ್ಧಭೂಮಿಯಲ್ಲಿ ಮೊದಲು ಹೆಸರು ಮಾಡಿದ್ದು ಇಸ್ರೇಲಿನ ಟ್ರೋಫಿ, 2011ರ ಮಾರ್ಚ್‌ನಲ್ಲಿ ಗಾಜಾ ಗಡಿಯ ಬಳಿ. ಅದು ಸಿಡಿಯುವಾಗ ಪಕ್ಕದಲ್ಲಿ ಕಾಲಾಳು ಇದ್ದರೆ ಅವನಿಗೂ ಅಪಾಯ. ಕಾಲಾಳು ದೂರ ಸರಿದರೆ ಕ್ಷಿಪಣಿ ತಂಡ ಹತ್ತಿರ ಬರುತ್ತದೆ. ಈ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ.

ಯಾವ ಸುಧಾರಣೆಯೂ ಇಲ್ಲದ 2ಎ4 ಕೈಯಲ್ಲಿರುವ ಸೇನೆ ಇವತ್ತೇ ಮಾಡಬಹುದಾದದ್ದೂ ಉಂಟು, ಖರ್ಚಿಲ್ಲದ್ದು. ಕಾವಲಿಗೆ ನಿಲ್ಲುವುದಾದರೆ ಕಮಾಂಡರ್‌ನ ದರ್ಶಕವಷ್ಟೇ ಮೇಲೆ ಕಾಣುವಷ್ಟು ಮರೆಯಲ್ಲಿ ನಿಂತು ನೋಡುವುದು, ಹೊಡೆಯಲು ಮಾತ್ರ ಮುಂದೆ ಬಂದು ಒಂದೆರಡು ಗುಂಡು ಹಾರಿಸಿ ಹಿಂದೆ ಸರಿಯುವುದು, ಮತ್ತೆ ಅದೇ ಜಾಗದಲ್ಲಿ ತಲೆ ಎತ್ತದಿರುವುದು. ಎರಡು ಟ್ಯಾಂಕು ಪರಸ್ಪರರ ಪಕ್ಕ ನೋಡುವಂತೆ ನಿಲ್ಲುವುದು. ಪಟ್ಟಣದ ಅಂಚಿನ ಕೆಲಸಕ್ಕೆ ಒಡಲಿನ 27 ಗೂಡುಗಳನ್ನು ಖಾಲಿ ಬಿಟ್ಟು 15 ಗುಂಡುಗಳೊಂದಿಗೇ ಹೋಗುವುದು. ಅವುಗಳಲ್ಲಿ ಹನ್ನೆರಡಾದರೂ ಡಿಎಂ12 ಆಗಿರಲಿ. ಬಾಣದ ಗುಂಡು ಎರಡು ಮೂರು ಸಾಕು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 15 ಗುಂಡು ಮುಗಿದರೆ ಟ್ಯಾಂಕು ಹಿಂದೆ ಬರಬೇಕು, ಒಂದೆರಡು ಕಿ.ಮೀ. ಹಿಂದೆ ಮರೆಯಲ್ಲಿ ಮದ್ದುಗುಂಡಿನ ಲಾರಿ ಕಾದಿರಬೇಕು, ಅದು ಅಲ್ಲಿರುವಾಗ ಇನ್ನೊಂದು ಟ್ಯಾಂಕು ಅದರ ಜಾಗ ಹಿಡಿಯಬೇಕು. ಮೂರು ಟ್ಯಾಂಕಿನ ಕೆಲಸಕ್ಕೆ ನಾಲ್ಕು ಬೇಕಾಗುತ್ತದೆ. ಅಲ್-ಬಾಬ್‌ನಲ್ಲಿ ಟರ್ಕಿಗೆ ಇದು ಕಷ್ಟದ ಲೆಕ್ಕವಾಗಿರಲಿಲ್ಲ: ಗಡಿ 30 ಕಿ.ಮೀ. ಹಿಂದಿತ್ತು, ಕೊಂಡ ಟ್ಯಾಂಕುಗಳು 354 ಇದ್ದವು.